ಏಳನೇ ನಂಬರಿನ ಹೊಸ ಹಳೇ ಚಕ್ರ

ಇಸೊಬೆ ಎರಡು ಬಲಗಡೆಯ ಚಕ್ರಗಳನ್ನು ಮಾಡಿಬಿಟ್ಟಿದ್ದ. ಎಡಗಡೆಗೆ ಒಂದೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಡುಗೆಮನೆಯ ಮೇಜಿನ ಮೇಲೆ ಹಳೆ ಪೇಪರು ಹಾಸಿಕೊಂಡು ತನ್ನ ರಿಮೋಟ್ ಕಾರಿಗೆ ಚಕ್ರ ಕೂರಿಸಲು ಶುರುಮಾಡಿದವನು ಎಂಟೂಕಾಲಿಗೆಲ್ಲ ಈ ಸಾಧನೆ ಮಾಡಿ ಮುಗಿಸಿದ್ದ. ಚಕ್ರಗಳು ಹೊಸವು, ಆದರೆ ಹಳೆ ಕಾಲದ ಮಾದರಿಯವು. ಬಿಳಿ ರಿಮ್ಮು, ಹಿಂದಿನ ಟೈರುಗಳ ಮೇಲೆ ಬಾಣದ ಆಕಾರದ ದಪ್ಪ ಹಲ್ಲುಗಳು, ನಲವತ್ತು ವರ್ಷದ ಹಿಂದೆ ಬರುತ್ತಿದ್ದಂಥವೇ. ಆ ಬಾಣಗಳು ಎರಡೂ ಕಡೆ ಮುಂದಕ್ಕೇ ನೋಡಬೇಕು. ಇಸೊಬೆ ಎರಡು ಟೈರನ್ನೂ ಒಂದೇ ರೀತಿ ರಿಮ್ಮಿಗೆ ಏರಿಸಿ, ಸುತ್ತಲೂ ಗಮ್ಮು ಬಿಟ್ಟು, ಹತ್ತು ಎಣಿಸಿ ಇಟ್ಟುನೋಡಿದರೆ ಎಡಗಡೆಯದು ಹಿಂದಕ್ಕೆ ಹೊರಟು ನಿಂತಿತ್ತು. ಬಲಗಾಲಿನ ಚಪ್ಪಲಿಯನ್ನೇ ಎರಡು ಕೊಂಡುತಂದ ಹಾಗಾಯಿತು. ಸಾಲದ್ದಕ್ಕೆ ಅವನ ಹೆಬ್ಬೆರಳು ಆ ಟೈರಿಗೇ ಅಂಟಿಕೊಂಡಿತ್ತು.

ಮಧ್ಯಾಹ್ನ ಒಂದು ಗಂಟೆಯೊಳಗೆ ಕಾರು ಅಬೆ ನದಿಯ ದಂಡೆಯಲ್ಲಿ ತಪಾಸಣೆಗೆ ನಿಲ್ಲಬೇಕಿತ್ತು. ಪ್ರತಿ ನವೆಂಬರಿನಲ್ಲಿ ಅಲ್ಲಿ ಹಳೆ ರಿಮೋಟ್ ಕಾರುಗಳ ಸಂಘದವರು ಓಟ ಇಡುತ್ತಾರೆ. ಸಂಘದಲ್ಲಿ ಓಟಗಾರರು ಹನ್ನೆರಡೇ ಜನ. ಒಬ್ಬೊಬ್ಬರಿಗೂ ಒಂದು ನಂಬರು, ಆ ನಂಬರಿನ ಮರದ ಬಿಲ್ಲೆ ಓಟಗಾರರು ನಿಲ್ಲುವ ಅಟ್ಟಣೆಯ ಮೇಲೆ ನೇತಾಡುತ್ತದೆ. ಸತತ ಮೂರು ವರ್ಷ ಒಂದು ಸುತ್ತನ್ನೂ ಓಡಿಸದವನ ಬಿಲ್ಲೆ ಕೆಳಗಿಳಿದು, ಕಾದುಕೊಂಡಿರುವವರ ಪಟ್ಟಿಯಲ್ಲಿ ಮೊದಲಿರುವವನಿಗೆ ಹೋಗುತ್ತದೆ. ಬಿಲ್ಲೆ ಕಳೆದುಕೊಂಡವನಿಗೆ ಹಳದಿ ಅಂಗಿ ತೊಡಿಸಿ, ಮಗುಚಿಬಿದ್ದ ಕಾರುಗಳನ್ನು ಎತ್ತಿ ನಿಲ್ಲಿಸಲು ತಿರುವಿನಲ್ಲಿ ನಿಲ್ಲಿಸುತ್ತಾರೆ. ಇಸೊಬೆಯದು ಏಳನೇ ನಂಬರು. ಎರಡು ವರ್ಷದ ಹಿಂದೆ ಅವನು ಬ್ಯಾಟರಿ ಚಾರ್ಜ್ ಮಾಡಲು ಮರೆತಿದ್ದ. ಹೋದ ವರ್ಷ ಈಗಿನ ಕಾಲದ ಅಗಲದ ಚಕ್ರ ಹಾಕಿಕೊಂಡು ಹೋಗಿ ತಪಾಸಣೆಯಿಂದಲೇ ವಾಪಸಾಗಿದ್ದ. ಇದು ಮೂರನೆಯ ವರ್ಷ.

ಇಸೊಬೆ ಮೀನಿನ ಡಬ್ಬಿಯ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಲೇಬಲ್ಲುಗಳು ನೇರವಾಗಿ ಅಂಟಿವೆಯೇ ಎಂದು ನೋಡುವ ಕೆಲಸದಲ್ಲಿದ್ದ. ಅಲ್ಲಿ ಅವನ ಹೆಸರನ್ನು ಸರಿಯಾಗಿ ನೆನಪಿಟ್ಟುಕೊಂಡವರು ಇಬ್ಬರೋ ಮೂವರೋ. ನದಿದಂಡೆಯಲ್ಲಿ ಮಾತ್ರ ಅವನನ್ನು ಕಂಡ ಕೂಡಲೇ ಜನ "ಓ, ಏಳನೇ ನಂಬರ್ ಬಂದ್ರು" ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಕೇಳುವ ಆ ಮಾತಿಗಾಗಿ ಅವನು ಉಳಿದ ಮುನ್ನೂರ ಅರವತ್ತನಾಲ್ಕು ದಿನ ಲೇಬಲ್ ನೋಡುತ್ತಿದ್ದ ಎಂದರೂ ತಪ್ಪಿಲ್ಲ. ಅದು ಕೈತಪ್ಪುತ್ತದೆ ಎಂದು ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

"ಕಿನುಯೊ, ಸ್ವಲ್ಪ ಬಿಸಿನೀರು ಕೊಡ್ತೀಯಾ?" ಎಂದ.

ಹೆಂಡತಿ ಕಿನುಯೊ ಒಲೆಯ ಮುಂದೆ ನಿಂತಿದ್ದಳು. ಮಧ್ಯಾಹ್ನ ಅವಳ ಹಾಡಿನ ಗುಂಪಿನ ಗೆಳತಿಯರು ಬರುವವರಿದ್ದರು. ಅವರಿಗಾಗಿ ದೊಡ್ಡ ಪಾತ್ರೆಯಲ್ಲಿ ಕಪ್ಪು ಸಾರು ಕುದಿಯುತ್ತಿತ್ತು. ಅದರಲ್ಲಿ ಮೂಲಂಗಿ, ಮೊಟ್ಟೆ, ಮೀನಿನ ಕಪ್ಪು ವಡೆಗಳು ಕಡ್ಡಿಗೆ ಚುಚ್ಚಿಕೊಂಡು ಬೇಯುತ್ತಿದ್ದವು.

"ಈ ಸಲ ಏನನ್ನ ಅಂಟಿಸ್ಕೊಂಡ್ರಿ?" ಎಂದು ತಿರುಗಿ ನೋಡದೆಯೇ ಕೇಳಿದಳು.

"ಹೆಬ್ಬೆರಳು. ಮತ್ತೆ ಟೈರು ಉಲ್ಟಾ ಆಗಿದೆ."

"ಎರಡ್ರಲ್ಲಿ ಯಾವ್ದು ಮೊದ್ಲು ಬಿಡಿಸ್ಬೇಕು, ಹೇಳಿ."

ಸೋಪಿನ ನೀರಿನಲ್ಲಿ ಹೆಬ್ಬೆರಳು ನೆನೆಹಾಕಿಕೊಂಡು ಕುಳಿತಿರುವಾಗ ಪಕ್ಕದ ಮನೆಯ ಹಗಿವಾರ ಕಿಟಕಿಯಲ್ಲಿ ಕಾಣಿಸಿಕೊಂಡ. ಶಿಜುವೊಕದಲ್ಲಿ ಇದೊಂದು ಕಷ್ಟ. ಬೇರೆ ಊರಿನಲ್ಲಾದರೆ ಐವತ್ತೆರಡು ವರ್ಷದ ಗಂಡಸು ಆಟದ ಕಾರು ಇಟ್ಟುಕೊಂಡು ಕೂತರೆ ನೆರೆಯವರು ನಕ್ಕು ಸುಮ್ಮನಾಗುತ್ತಾರೆ. ಇಲ್ಲಿ ಹಾಗಲ್ಲ. ದೇಶಕ್ಕೆಲ್ಲ ಮಾದರಿ ವಿಮಾನ, ಹಡಗು, ಕಾರು ಕಳಿಸುವ ಊರಿದು. ಬೀದಿಗೆ ನಾಲ್ಕು ಜನರಾದರೂ ಆ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಸಿಗುತ್ತಾರೆ. ಅವರಿಗೆಲ್ಲ ಹೊತ್ತು ಬೇಕಾದಷ್ಟಿದೆ, ಅಭಿಪ್ರಾಯವೂ ಅಷ್ಟೇ ಇದೆ. ಹಗಿವಾರ ಮೂವತ್ತೈದು ವರ್ಷ ಪುಟ್ಟ ಹಲ್ಲುಚಕ್ರಗಳನ್ನು ಎಣಿಸಿ ಪೊಟ್ಟಣ ಕಟ್ಟಿದವನು.

"ಅಯ್ಯೋ ಇಸೊಬೆ ಸಾನ್, ಎರಡೂ ಬಲಗಡೆದಾ?" ಎಂದು ಅವನು ಕಿಟಕಿಯಿಂದಲೇ ತಲೆ ಒಳಗೆ ಹಾಕಿದ. "ಎಳೀಬೇಡಿ, ಎಳೀಬೇಡಿ. ಹರಿದು ಹೋಗುತ್ತೆ. ಕುದಿಸ್ಬೇಕು."

"ಕುದಿಸೋದಾ?"

"ಕುದಿಯೋ ನೀರಲ್ಲಿ ಕಾಲು ಗಂಟೆ ಹಾಕಿ. ಗಮ್ಮು ತಾನೇ ಬಿಟ್ಕೊಳ್ಳುತ್ತೆ. ನಾನೇ ಒಳಗೆ ಬರ್ತೀನಿ ಇರಿ."

"ನನ್ನ ಸಾರಿನ ಪಾತ್ರೆ ಹತ್ರ ಬಂದ್ರೆ ಇಬ್ರನ್ನೂ ಅದ್ರಲ್ಲೇ ಹಾಕಿ ಕುದಿಸ್ತೀನಿ" ಎಂದು ಕಿನುಯೊ ಹಳೆಯ ಅಲ್ಯೂಮಿನಿಯಂ ಪಾತ್ರೆಯೊಂದನ್ನು ಪಕ್ಕದ ಒಲೆಯ ಮೇಲಿಟ್ಟಳು.

ಹಗಿವಾರನ ಮಾತು ಸುಳ್ಳಾಗಲಿಲ್ಲ. ಸೋಪಿನ ನೀರಿನಲ್ಲೇ ಹೆಬ್ಬೆರಳು ಬಿಡುಗಡೆಯಾದ ಮೇಲೆ ಚಕ್ರವನ್ನು ಕುದಿಸಿದರೆ, ಕಾಲು ಗಂಟೆಗೆ ಟೈರು ರಿಮ್ಮಿನಿಂದ ಸಲೀಸಾಗಿ ಕಳಚಿಕೊಂಡಿತು. ಹಗಿವಾರ ಚಾಪ್‌ಸ್ಟಿಕ್ಕಿನಿಂದ ಟೈರನ್ನು ಎತ್ತಿ ಆರಲೆಂದು ಕೈಗೆ ಸಿಕ್ಕ ತಟ್ಟೆಯ ಮೇಲಿಟ್ಟ. ಆ ತಟ್ಟೆಯಲ್ಲಿ ಕಿನುಯೊ ಆಗತಾನೇ ತೆಗೆದಿಟ್ಟ ಕಪ್ಪು ವಡೆಗಳಿದ್ದವು.

ಅದೇ ಹೊತ್ತಿಗೆ ಮನೆಯಿಂದ ಮನೆಗೆ ದಾಟಿಸುವ ಬೀದಿಯ ಸುತ್ತೋಲೆಗೆ ಓದಿದ ಗುರುತಿನ ಮುದ್ರೆ ಹಾಕಿಸಿಕೊಳ್ಳಲು ಎದುರುಮನೆಯ ಶಿರಾಯಿ ಅಜ್ಜಿ ಬಂದಳು. ಎಪ್ಪತ್ತೆಂಟು ವರ್ಷ. ಒಂದು ಕಾಲದಲ್ಲಿ ಆಟದ ಕಾರಿನೊಳಗೆ ಕೂರುವ ಗೊಂಬೆ ಚಾಲಕರ ಮುಖಕ್ಕೆ ಕಣ್ಣು ಮೂಗು ಬರೆಯುವುದು ಅವಳ ಉದ್ಯೋಗ. ಕಣ್ಣೀಗ ಸ್ವಲ್ಪ ಮಂದ, ಹಲ್ಲು ಮಾತ್ರ ಗಟ್ಟಿ. ರುಚಿ ನೋಡದೆ ಯಾರ ಅಡುಗೆಮನೆಯಿಂದಲೂ ಅವಳು ಹೊರಟ ಉದಾಹರಣೆಯಿಲ್ಲ. ಬಂದವಳೇ ತಟ್ಟೆಗೆ ಕೈ ಹಾಕಿ ಒಂದು ತುಂಡನ್ನು ಬಾಯಿಗಿಟ್ಟುಕೊಂಡಳು, ಎರಡು ಸಲ ಕಚ್ಚಿದಳು, ಮೂರನೆಯ ಸಲ ಯೋಚಿಸಿದಳು.

"ಕಿನುಯೊ, ಇದು ಇನ್ನೂ ಅರ್ಧ ಗಂಟೆ ಬೇಯ್ಬೇಕು."

"ಅಜ್ಜೀ, ಅದು ಟೈರು!" ಎಂದು ಇಸೊಬೆ ಹಾರಿಬಂದ.

ಅಜ್ಜಿ ಟೈರನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದಳು. ಅವಳಿಗೆ ನಾಚಿಕೆಯೇನೂ ಆಗಲಿಲ್ಲ. ಪಕ್ಕದಲ್ಲಿದ್ದ ಬಿಳಿ ರಿಮ್ಮನ್ನೂ ತೆಗೆದುಕೊಂಡು ನೋಡಿ ಮುಖ ಸೊಟ್ಟ ಮಾಡಿದಳು. "ಇದೇನೋ ಇದು, ಹೊಸ ಹಲ್ಲಿನ ಸೆಟ್ಟಿನ ಹಾಗೆ ಹೊಳೀತಿದೆ! ಹಳೇ ಕಾರಿಗೆ ಇದನ್ನ ಹಾಕ್ಕೊಂಡು ಹೋಗ್ತೀಯಾ? ಬಣ್ಣ ಅಂದ್ರೆ ಏನು ಅಂತ ನನ್ನ ಕೇಳು. ಇದಕ್ಕೆ ಬಿಸಿಲು ತಿಂದ ಬಣ್ಣ ಬರ್ಬೇಕು."

"ಬೇಡ ಅಜ್ಜಿ, ಹೊತ್ತಾಯ್ತು..." ಎಂದು ಇಸೊಬೆ ಹೇಳುವಷ್ಟರಲ್ಲಿ ಅಜ್ಜಿ ರಿಮ್ಮನ್ನು ಕುದಿಯುವ ನೀರಿಗೆ ಹಾಕಿ, ಮೇಲಿನಿಂದ ಹುರಿದ ಚಹಾ ಸೊಪ್ಪಿನ ಡಬ್ಬಿಯನ್ನು ಅರ್ಧ ಖಾಲಿ ಮಾಡಿಯಾಗಿತ್ತು. ಹತ್ತು ನಿಮಿಷ ಬಿಟ್ಟು ತೆಗೆದರೆ ರಿಮ್ಮು ಹಳೆಮನೆಯ ಸ್ವಿಚ್ಚಿನ ಹಾಗೆ ಹಳದಿಗಂದು ಬಣ್ಣಕ್ಕೆ ತಿರುಗಿತ್ತು.

"ನೋಡು. ನಲವತ್ತು ವರ್ಷ" ಎಂದಳು ಅಜ್ಜಿ.

ಈಗ ಒಂದು ರಿಮ್ಮು ಹಳದಿ, ಮೂರು ಬಿಳಿ. ಹಾಗೆ ಬಿಡುವಂತಿರಲಿಲ್ಲ. ಮುಂದಿನ ಎರಡು ರಿಮ್ಮುಗಳ ಜೊತೆ, ಸರಿಯಾಗಿ ಅಂಟಿದ್ದ ಹಿಂದಿನ ಬಲಗಡೆಯ ಚಕ್ರವೂ ಪಾತ್ರೆಗೆ ಬಿತ್ತು. ಬಿದ್ದದ್ದು ಗಮ್ಮು ಬಿಟ್ಟುಕೊಂಡೇ ಮೇಲೆದ್ದಿತು. ಇಸೊಬೆ ಮೊದಲಿಂದ ಶುರುಮಾಡಿದ. ಅವನು ರಿಮ್ಮು ಒರೆಸುತ್ತಿದ್ದಾಗ ಹಗಿವಾರ ಟೈರುಗಳನ್ನು ಜಗಲಿಗೆ ಒಯ್ದು ಸ್ಯಾಂಡ್‌ಪೇಪರಿನಿಂದ ಉಜ್ಜತೊಡಗಿದ್ದ.

"ಹಗಿವಾರ ಸಾನ್, ಅವು ಇನ್ನೂ ಹೊಸವು!"

"ಅದಕ್ಕೇ ಉಜ್ತಿರೋದು. ಹೊಸ ಟೈರು ಮೊದಲ ತಿರುವಲ್ಲೇ ಜಾರುತ್ತೆ. ಮೇಲಿನ ಹೊಳಪು ಹೋಗ್ಬೇಕು. ನಿಮ್ಮ ಒಳ್ಳೇದಕ್ಕೇ ಮಾಡ್ತಿರೋದು ನಾನು."

ಬೇಡ ಎನ್ನಲು ಇಸೊಬೆಗೆ ಬಾಯಿ ಬರಲಿಲ್ಲ. ಜೀವನದಲ್ಲಿ ಅವನು ಬೇಡ ಎಂದದ್ದೆಲ್ಲ ಸೊಟ್ಟ ಲೇಬಲ್ಲುಗಳಿಗೆ ಮಾತ್ರ. ಹನ್ನೆರಡು ಗಂಟೆಗೆ ನಾಲ್ಕೂ ಚಕ್ರ ಸಿದ್ಧವಾದವು. ಈ ಸಲ ಎಡ ಎಡವಾಗಿತ್ತು, ಬಲ ಬಲವಾಗಿತ್ತು. ಮತ್ತೆ ಬಿಟ್ಟೀತೆಂಬ ಭಯಕ್ಕೆ ಇಸೊಬೆ ಗಮ್ಮಿನ ಶೀಶೆಯನ್ನು ಪೂರ್ತಿ ಸುರಿದು ಮುಗಿಸಿದ್ದ. ಕಾರನ್ನು ನೆಲಕ್ಕಿಟ್ಟಾಗ ಕಿನುಯೊ ಕೂಡ ಸೌಟು ಹಿಡಿದುಕೊಂಡೇ ಬಗ್ಗಿ ನೋಡಿದಳು. "ಪರ್ವಾಗಿಲ್ಲ ರೀ. ನಮ್ಮ ಮದುವೆಗಿಂತ ಹಳೇದಾಗಿ ಕಾಣ್ತಿದೆ" ಎಂದಳು. ಇಸೊಬೆ ಆ ವರ್ಷ ಅಷ್ಟು ಸಂತೋಷಪಟ್ಟಿದ್ದು ಅದೇ ಮೊದಲು.

ಒಂದಕ್ಕೆ ಹತ್ತು ನಿಮಿಷವಿರುವಾಗ ಮೂವರೂ ನದಿದಂಡೆ ಮುಟ್ಟಿದರು. ಹಗಿವಾರ ಒಂದು ದೊಡ್ಡ ಚೀಲ ಹೊತ್ತು ಜೊತೆಗೆ ಬಂದಿದ್ದ. ತನ್ನ ಬಣ್ಣ ನೋಡಲು ಅಜ್ಜಿಯೂ ಬಂದಿದ್ದಳು. "ಓ, ಏಳನೇ ನಂಬರ್ ಬಂದ್ರು" ಎಂದು ಯಾರೋ ಕೂಗಿದರು. ಇಸೊಬೆ ಎಲ್ಲರಿಗೂ ಬಗ್ಗಿ ನಮಸ್ಕರಿಸಿ ಕಾರನ್ನು ತಪಾಸಣೆಯ ಮೇಜಿನ ಮೇಲಿಟ್ಟ.

ಮೇಜಿನ ಹಿಂದೆ ತೆರಾದಾ ಕೂತಿದ್ದ. ಸಂಘದ ಪರೀಕ್ಷಕ, ಕೊರಳಲ್ಲಿ ಭೂತಗನ್ನಡಿ, ಕೈಯಲ್ಲಿ ನಿಯಮಗಳ ಪುಸ್ತಕ. ಟೈರುಗಳ ಅಚ್ಚು ಕೊರೆಯುವ ಕೆಲಸದಲ್ಲಿ ಜೀವ ಸವೆಸಿದವನು. ನಗುವುದಕ್ಕೂ ಅವನ ಪುಸ್ತಕದಲ್ಲಿ ನಿಯಮವಿರಬೇಕೆಂದು ಸಂಘದವರ ಅನುಮಾನ. ಅವನು ಇಸೊಬೆಯ ಕಾರನ್ನು ಎತ್ತಿ, ಹಿಂದಿನ ಚಕ್ರಕ್ಕೆ ಭೂತಗನ್ನಡಿ ಹಿಡಿದ. ಚಕ್ರವನ್ನು ತಿರುಗಿಸಿ ತಿರುಗಿಸಿ ಹಲ್ಲು ಎಣಿಸಿದ. ಆಮೇಲೆ ಅವನ ಗಡ್ಡ ಸಣ್ಣಗೆ ನಡುಗತೊಡಗಿತು.

"ಇಸೊಬೆ ಸಾನ್, ಇದು ನಿಮಗೆ ಎಲ್ಲಿ ಸಿಕ್ತು?"

"ಅಂಚೇಲಿ ಬಂತು."

"ಈ ಹಲ್ಲು ಕೊರೆದಿದ್ದು ನಾನು." ತೆರಾದಾನ ದನಿ ಒದ್ದೆಯಾಗಿತ್ತು. "ಇಪ್ಪತ್ತಾರು ವರ್ಷ ನನಗಾಗ. ಮೊದಲನೇ ಅಚ್ಚು. ಮೂರನೇ ಹಲ್ಲಿನ ಹತ್ರ ಉಳಿ ಜಾರಿ ಒಂದು ಗೀರಾಗಿತ್ತು, ನೋಡಿ, ಇಲ್ಲೇ ಇದೆ. ನಲವತ್ತು ವರ್ಷ ಆಯ್ತು ಇವು ಕಾರಿನ ಮೇಲೆ ಕೂತಿದ್ದನ್ನ ಕಂಡು. ಎಷ್ಟು ಚೆನ್ನಾಗಿ ಕಾಪಾಡ್ಕೊಂಡು ಬಂದಿದ್ದೀರಿ!" ಎಂದವನೇ ಎದ್ದುನಿಂತು ಕಾರಿಗೆ ತಲೆಬಾಗಿದ. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟ. ಅದು ಪ್ರದರ್ಶನದ ಮೇಜು.

"ತೆರಾದಾ ಸಾನ್, ಅಲ್ಲಲ್ಲ. ನಾನು ಓಡಿಸ್ಬೇಕು."

"ನಾಲ್ಕನೇ ನಿಯಮ. ಅಸಲಿ ಹಳೇ ಚಕ್ರ ಇರೋ ಕಾರು ಓಡಕೂಡದು, ಮೇಜಿನ ಮೇಲೆ ಇರ್ಬೇಕು. ಇಷ್ಟು ವರ್ಷದ ರಬ್ಬರು ಎರಡು ಸುತ್ತಿಗೆ ಪುಡಿಪುಡಿ ಆಗ್ಬಿಡುತ್ತೆ. ಇನ್ನು ಎಷ್ಟು ಉಳಿದಿವೆ ಪ್ರಪಂಚದಲ್ಲಿ?"

"ಇದು ಅಸಲಿ ಅಲ್ಲ! ಹೊಸದು! ಹಳೇ ಮಾದರೀದು ಅಷ್ಟೆ. ಬೆಳಿಗ್ಗೆ ನಾನೇ ಅಂಟಿಸಿದ್ದು!"

"ವಿನಯ ಒಳ್ಳೇದು. ಆದ್ರೆ ಜಾಸ್ತಿ ಆಗ್ಬಾರ್ದು."

ಶಿರಾಯಿ ಅಜ್ಜಿ ಮುಂದೆ ನುಗ್ಗಿದಳು. "ಏ ತೆರಾದಾ, ಅವನು ನಿಜ ಹೇಳ್ತಿದ್ದಾನೆ ಕಣೋ. ಬಣ್ಣ ಕೊಟ್ಟಿದ್ದು ನಾನು. ಚಹಾದಲ್ಲಿ ಕುದಿಸಿದ್ದು."

"ಚಹಾದಲ್ಲಿ ನಲವತ್ತು ವರ್ಷ ಬರುತ್ತಾ ಅಜ್ಜಿ?" ಎಂದು ತೆರಾದಾ ಮರುಕದಿಂದ ಕೇಳಿದ. ಉಜ್ಜಿದ್ದು ತಾನೆಂದು ಹಗಿವಾರ ಹೇಳಿದ್ದಕ್ಕೆ, ಪಕ್ಕದ ಮನೆಯವರ ಸಾಕ್ಷಿ ನಡೆಯುವುದಿಲ್ಲ ಎಂದ. ಚಕ್ರ ಬಂದ ಪೊಟ್ಟಣ ಮನೆಯಲ್ಲಿ ಕಸದ ಚೀಲದಲ್ಲಿತ್ತು. ಹೋಗಿಬರುವಷ್ಟರಲ್ಲಿ ಓಟ ಮುಗಿಯುತ್ತಿತ್ತು.

ಇಸೊಬೆ ಅಟ್ಟಣೆಯ ಕಡೆ ನೋಡಿದ. ಏಳನೇ ನಂಬರಿನ ಬಿಲ್ಲೆ ಗಾಳಿಗೆ ಮೆಲ್ಲನೆ ತಿರುಗುತ್ತಿತ್ತು. ಅವನಿಗೆ ಅಳು ಬರುವ ಹಾಗಾಯಿತು.

"ಹೊಸದು ಅಂತ ನಂಬೋಕೆ ನಿಮಗೇನು ಬೇಕು, ಹೇಳಿ."

ತೆರಾದಾ ಪ್ರಾಮಾಣಿಕ ಮನುಷ್ಯ. ಯೋಚಿಸಿ ಹೇಳಿದ. "ಈಚೆಗೆ ಹಳೇ ಅಚ್ಚಲ್ಲೇ ಮತ್ತೆ ಟೈರು ಮಾಡ್ತಿರೋದು ಹೌದು. ಅವುಗಳ ಒಳಮೈಯಲ್ಲಿ ಈ ವರ್ಷದ ಅಂಕಿ ಇರುತ್ತೆ. ಆದ್ರೆ ಒಳಮೈ ನೋಡೋಕೆ ಟೈರು ಬಿಚ್ಬೇಕು. ಇದಕ್ಕೋ ಭಾರೀ ಗಮ್ಮು ಹಾಕಿದೀರಿ."

"ಕುದಿಸ್ಬೇಕು" ಎಂದ ಹಗಿವಾರ.

ನದಿದಂಡೆಯಲ್ಲಿ ಒಲೆಯೂ ಇರಲಿಲ್ಲ, ಕುದಿಸಿ ಮತ್ತೆ ಅಂಟಿಸುವಷ್ಟು ಹೊತ್ತೂ ಇರಲಿಲ್ಲ. ಇಸೊಬೆ ಪೆಟ್ಟಿಗೆಯಿಂದ ಚಾಕು ತೆಗೆದು, ಹಿಂದಿನ ಎಡ ಚಕ್ರವನ್ನು ಕಳಚಿ, ಯಾರೂ ತಡೆಯುವ ಮೊದಲೇ ಟೈರನ್ನು ಉದ್ದಕ್ಕೆ ಸೀಳಿಬಿಟ್ಟ. ತೆರಾದಾ ತನ್ನನ್ನೇ ಇರಿದಂತೆ ಕಿರುಚಿ ಕುರ್ಚಿಯ ಮೇಲೆ ಕುಸಿದ. ಎರಡು ಬೆಂಚಿನ ಆಚೆಯವರೂ ಓಡಿಬಂದರು. ಇಸೊಬೆ ಸೀಳಿದ ಟೈರನ್ನು ಮಗುಚಿ ಅವನ ಮೂಗಿನ ಕೆಳಗೆ ಹಿಡಿದ.

ತೆರಾದಾ ಭೂತಗನ್ನಡಿ ಎತ್ತಿದ. ಈ ವರ್ಷದ ಅಂಕಿ ಚೊಕ್ಕವಾಗಿ ಕಾಣುತ್ತಿತ್ತು. ಮೂರು ಸಲ ಓದಿದ. ಆಮೇಲೆ ಎದ್ದು, ಟೋಪಿ ತೆಗೆದು, ಸೊಂಟ ಪೂರ್ತಿ ಬಗ್ಗಿಸಿ ಇಸೊಬೆಯ ಮುಂದೆ ನಿಂತ. ಅವನು ಒಬ್ಬ ಮನುಷ್ಯನಿಗೆ ಹಾಗೆ ಬಗ್ಗಿದ್ದನ್ನು ಅಲ್ಲಿ ನೆರೆದವರಲ್ಲಿ ಯಾರೂ ಕಂಡಿರಲಿಲ್ಲ.

"ನನ್ನದು ತಪ್ಪಾಯ್ತು. ದೊಡ್ಡ ತಪ್ಪಾಯ್ತು. ನಿಮ್ಮ ಕಾರು ಹೊಸ ಚಕ್ರದ್ದೇ. ಓಡಿಸ್ಬಹುದು."

"ಮೂರು ಟೈರಲ್ಲಿ ಹೇಗೆ ಓಡ್ಸೋದು?" ಎಂದ ಇಸೊಬೆ.

ಯಾರಿಗೂ ಇದು ಹೊಳೆದಿರಲಿಲ್ಲ. ಇದ್ದ ಬದ್ದ ಪೆಟ್ಟಿಗೆಗಳೆಲ್ಲ ತೆರೆದವು. ಹತ್ತು ಜನ ಹತ್ತು ಚಕ್ರ ಹಿಡಿದು ಬಂದರು. ಕೆಲವು ದೊಡ್ಡವು, ಕೆಲವು ಚಿಕ್ಕವು, ಸರಿಯಾದ ಅಳತೆಯ ಒಂದಕ್ಕೆ ನಡುವಿನ ತೂತೇ ಬೇರೆ ಅಳತೆಯದು. ಇಸೊಬೆಯ ಕಾರಿನ ಅಚ್ಚುಕೋಲು ಎಷ್ಟು ಹಳೆಯದೆಂದರೆ ಅದಕ್ಕೆ ಈಗಿನ ಯಾವ ಚಕ್ರವೂ ಕೂರುತ್ತಿರಲಿಲ್ಲ. ಓಟಕ್ಕೆ ಇನ್ನು ಇಪ್ಪತ್ತು ನಿಮಿಷವಿತ್ತು.

"ಇರಿ, ಬಂದೆ" ಎಂದು ತೆರಾದಾ ಸೈಕಲ್ ಹತ್ತಿದ. ಅವನ ಮನೆ ನದಿಯ ಏರಿಯ ಹಿಂದೆಯೇ ಇತ್ತು. ಹದಿನೈದು ನಿಮಿಷಕ್ಕೆ ಏದುಸಿರು ಬಿಡುತ್ತ, ಎದೆಗೆ ಒಂದು ಮರದ ಡಬ್ಬಿ ಅವುಚಿಕೊಂಡು ವಾಪಸು ಬಂದ. ಡಬ್ಬಿಯೊಳಗೆ ರೇಷ್ಮೆ ಬಟ್ಟೆ, ಬಟ್ಟೆಯೊಳಗೆ ಒಂದೇ ಒಂದು ಚಕ್ರ. ಹಿಂದಿನ ಎಡ ಚಕ್ರ. ಮೊದಲ ಅಚ್ಚಿನಿಂದ ತೆಗೆದ ಮೊದಲ ಟೈರು, ಕಾರ್ಖಾನೆಯವರು ಅವನಿಗೆ ನೆನಪಿಗೆಂದು ಕೊಟ್ಟದ್ದು. ಹೆಂಡತಿಗೂ ಮುಟ್ಟಲು ಬಿಟ್ಟಿರಲಿಲ್ಲವಂತೆ.

"ತೆರಾದಾ ಸಾನ್, ಇದು ನಾನು ತಗೊಳ್ಳೋಕಾಗಲ್ಲ."

"ನನ್ನಿಂದ ನಿಮ್ಮ ನಂಬರು ಹೋಗ್ಬಾರ್ದು. ಸುಮ್ಮನಿರಿ."

ತೆರಾದಾ ತಾನೇ ಮೊಣಕಾಲೂರಿ, ತನ್ನ ಕೈಯಿಂದಲೇ ಚಕ್ರ ಕೂರಿಸಿ ಸ್ಕ್ರೂ ಬಿಗಿಮಾಡಿದ. ಜನ ಚಪ್ಪಾಳೆ ತಟ್ಟಿದರು. ಶಿರಾಯಿ ಅಜ್ಜಿ ಮೂಗು ಒರೆಸಿಕೊಂಡಳು. ಇಸೊಬೆ ಮತ್ತೆ ಮತ್ತೆ ಬಗ್ಗಿ ನಮಸ್ಕರಿಸಿ, ಕಾರನ್ನು ಗೆರೆಯ ಮೇಲಿಟ್ಟು, ರಿಮೋಟು ಹಿಡಿದು ಅಟ್ಟಣೆಯ ಮೊದಲ ಮೆಟ್ಟಿಲು ಹತ್ತಿದ.

"ಒಂದು ನಿಮಿಷ" ಎಂದು ಹಿಂದಿನಿಂದ ದನಿ ಕೇಳಿತು.

ತೆರಾದಾ ಮಂಡಿಯ ಮಣ್ಣು ಕೊಡವಿಕೊಂಡು, ಟೋಪಿ ಹಾಕಿಕೊಂಡು, ನಿಯಮಗಳ ಪುಸ್ತಕ ಹಿಡಿದು ಗೆರೆಯ ಬಳಿ ನಿಂತಿದ್ದ. ಕಾರುಗಳನ್ನು ಕೊನೆಯ ಬಾರಿ ನೋಡುವುದು ಅವನ ಕೆಲಸ. ಏಳನೆಯ ಕಾರಿನ ಮುಂದೆ ಬಗ್ಗಿದ. ಭೂತಗನ್ನಡಿ ಹಿಡಿದ. ಮುಖ ಬಿಳಿಚಿಕೊಂಡಿತು.

"ಇಸೊಬೆ ಸಾನ್, ಇದರಲ್ಲಿ ಒಂದು ಅಸಲಿ ಹಳೇ ಚಕ್ರ ಇದೆ."

"ನೀವೇ ಹಾಕಿದ್ದಲ್ವಾ!"

"ಹಾಕಿದವನು ತೆರಾದಾ. ಈಗ ನೋಡ್ತಿರೋನು ಪರೀಕ್ಷಕ." ಅವನ ಕಣ್ಣಲ್ಲಿ ನೀರು ತುಂಬಿತ್ತು. "ನಾಲ್ಕನೇ ನಿಯಮ. ನನಗೆ ಬೇರೆ ದಾರಿ ಇಲ್ಲ."

ಕಾರು ಮತ್ತೆ ಬಿಳಿ ಬಟ್ಟೆಯ ಮೇಜಿಗೆ ಹೋಯಿತು. ಏಳನೇ ಬಿಲ್ಲೆ ಕೆಳಗಿಳಿಯಿತು. ತೆರಾದಾ ಪಟ್ಟಿ ತೆಗೆದು, ಎಂಟು ವರ್ಷದಿಂದ ಮೊದಲನೆಯದಾಗಿ ಕಾದು ಕುಳಿತಿದ್ದ ಹೆಸರನ್ನು ಗಟ್ಟಿಯಾಗಿ ಓದಿದ.

ಹಗಿವಾರ ಮುಂದೆ ಬಂದ. ಬೆಳಿಗ್ಗೆ ಟೈರು ಉಜ್ಜುವಾಗಿನ ಉತ್ಸಾಹ ಅವನ ಮುಖದಲ್ಲಿರಲಿಲ್ಲ. ಇಸೊಬೆಯ ಮುಖ ನೋಡದೆ, "ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ" ಎಂದ. "ಹಾಗೇ ಸುಮ್ನೆ ಹೆಸರು ಕೊಟ್ಟಿದ್ದೆ. ಕಾರು ಕೂಡ ಹಾಗೇ ಸುಮ್ನೆ ತಂದಿದ್ದೆ." ಚೀಲದಿಂದ ಹೊರಬಂದ ಅವನ ಕಾರಿಗೆ ಹಳೆ ಮಾದರಿಯ ನಾಲ್ಕು ಹೊಸ ಚಕ್ರಗಳು ಎಡಬಲ ಸರಿಯಾಗಿ ಕೂತಿದ್ದವು. ಬಿಳಿ ರಿಮ್ಮುಗಳು ಫಳಫಳ ಹೊಳೆಯುತ್ತಿದ್ದವು. ತೆರಾದಾ ಒಂದೇ ನೋಟಕ್ಕೆ ಮುದ್ರೆ ಒತ್ತಿದ.

ಸೀಟಿ ಊದಿದರು. ಹಳದಿ ಅಂಗಿ ತೊಟ್ಟ ಇಸೊಬೆ ತಿರುವಿನಲ್ಲಿ ನಿಂತಿದ್ದ. ಅಂಗಿ ಅವನಿಗೆ ಸ್ವಲ್ಪ ಬಿಗಿಯಾಗಿತ್ತು. ಹನ್ನೆರಡು ಕಾರುಗಳು ಧೂಳೆಬ್ಬಿಸಿಕೊಂಡು ಬಂದವು, ಹನ್ನೊಂದು ತಿರುಗಿ ಹೋದವು, ಒಂದು ಜಾರಿ ಎರಡು ಉರುಳು ಉರುಳಿ ಅವನ ಕಾಲ ಬುಡದಲ್ಲೇ ಮಗುಚಿ ಬಿತ್ತು.

"ಬೇಗ, ಬೇಗ! ಎತ್ತಿ ಇಸೊಬೆ ಸಾನ್!" ಎಂದು ಅಟ್ಟಣೆಯ ಮೇಲಿಂದ ಏಳನೇ ನಂಬರು ಕೂಗಿತು.

ಇಸೊಬೆ ಬಗ್ಗಿ ಕಾರನ್ನು ಎತ್ತಿ ನಿಲ್ಲಿಸಿದ.